ಏಳಕ್ಕೆ ನಿಂತ ಪಟ್ಟಿ

ವರ್ಷದ ಅತ್ಯುತ್ತಮ ಆಟಗಳ ಪಟ್ಟಿಯನ್ನು ಡಿಸೆಂಬರಿನಲ್ಲೇ ಬರೆಯುವವರಿಗೆ ಜನವರಿಯಲ್ಲಿ ಬಂದದ್ದು ಮರೆತಿರುತ್ತದೆ, ನವೆಂಬರಿನಲ್ಲಿ ಬಂದದ್ದು ಅರ್ಧವೂ ಮುಗಿದಿರುವುದಿಲ್ಲ. 2023ರ ಪಟ್ಟಿಯನ್ನು ನಾನು ಆ ವರ್ಷದ ಬಿಸಿ ಪೂರ್ತಿ ಆರಿದ ಮೇಲೆ ಬರೆದೆ. ತಡವಾಗಿ ಬರೆದ ಪಟ್ಟಿಯ ಜೊತೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬ ಅನುಕೂಲವೂ ಇದಕ್ಕಿದೆ.

*

ಸ್ಟೀಮ್ ಎಂಬ ಒಂದೇ ಅಂಗಡಿಯಲ್ಲಿ ಆ ವರ್ಷ 14 ಸಾವಿರಕ್ಕೂ ಹೆಚ್ಚು ಆಟಗಳು ಬಿಡುಗಡೆಯಾದವು. ದಿನವೊಂದಕ್ಕೆ ನಲವತ್ತರ ಹತ್ತಿರ. ಆದ್ದರಿಂದ ‘ವರ್ಷದ ಅತ್ಯುತ್ತಮ’ ಎಂದು ಬರೆದಲ್ಲೆಲ್ಲ ‘ನಾನು ಆಡಿದ್ದರಲ್ಲಿ’ ಎಂದು ಸೇರಿಸಿ ಓದಿಕೊಳ್ಳಬೇಕು. ದೊಡ್ಡ ಪತ್ರಿಕೆಗಳ ಪಟ್ಟಿಗೂ ಇದೇ ನಿಯಮ. ಅಲ್ಲಿ ‘ನಾನು’ ಇದ್ದ ಕಡೆ ‘ನಾವು’ ಇರುತ್ತದೆ, ಅಷ್ಟೆ.

*

ಹತ್ತು ಎಂಬ ಸಂಖ್ಯೆಗೆ ಕೈಬೆರಳುಗಳ ಹೊರತು ಬೇರೆ ಆಧಾರವಿಲ್ಲ. ನನ್ನದು ಏಳಕ್ಕೆ ನಿಂತಿತು. ಉಳಿದ ಮೂರನ್ನು ತುಂಬಲು ಹೋಗಿದ್ದರೆ ಅವು ಇಷ್ಟದ ಆಟಗಳಾಗಿರುತ್ತಿರಲಿಲ್ಲ. ಬಿಟ್ಟರೆ ನಾಲ್ಕು ಜನ ಏನೆಂದಾರು ಎಂಬ ಭಯದ ಆಟಗಳಾಗಿರುತ್ತಿದ್ದವು.

*

ಅಳೆಯಲು ಒಂದು ಕೋಲು ಬೇಕು. ಚಿತ್ರ ಎಷ್ಟು ಚೆನ್ನಾಗಿದೆ ಎಂದು ಅಳೆದರೆ ಹೆಚ್ಚು ದುಡ್ಡು ಸುರಿದವರು ಗೆಲ್ಲುತ್ತಾರೆ. ಎಷ್ಟು ಗಂಟೆ ಆಡಬಹುದು ಎಂದು ಅಳೆದರೆ ಹೆಚ್ಚು ಎಳೆದವರು ಗೆಲ್ಲುತ್ತಾರೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಆಟ ನನ್ನನ್ನು ಎಷ್ಟು ನಂಬಿತು? ನನಗೆ ಕಣ್ಣಿದೆ, ಬುದ್ಧಿಯಿದೆ, ತಪ್ಪಿದರೆ ಅದರ ಫಲ ಉಣ್ಣುವ ತಾಳ್ಮೆಯೂ ಇದೆ ಎಂದು ಮಾಡಿದವರು ಒಪ್ಪಿಕೊಂಡರೋ ಇಲ್ಲವೋ?

*

2005ರ ‘ರೆಸಿಡೆಂಟ್ ಈವಿಲ್ 4’ ಆಟವನ್ನು ಕ್ಯಾಪ್‌ಕಾಮ್ 2023ರ ಮಾರ್ಚ್‌ನಲ್ಲಿ ಹೊಸದಾಗಿ ಕಟ್ಟಿ ಕೊಟ್ಟಿತು. ಒಡೆಯಬಹುದಾದ ಪೆಟ್ಟಿಗೆಗೆ, ಪೀಪಾಯಿಗೆ ಅದರಲ್ಲಿ ಹಳದಿ ಬಣ್ಣದ ಗುರುತು. ಊರಿಗೆ ಊರೇ ಹುಚ್ಚು ಹಿಡಿದು ಕೊಡಲಿ ಎತ್ತಿರುವಾಗ ಇಷ್ಟು ಶ್ರದ್ಧೆಯಿಂದ ಬಣ್ಣ ಬಳಿದವರು ಯಾರು ಎಂದು ಆಟಗಾರರು ಗೇಲಿ ಮಾಡಿದರು.

ಗೇಲಿ ನ್ಯಾಯವೇ. ಆದರೆ ಬಣ್ಣ ಬಳಿದವರ ಕಷ್ಟವೂ ನಿಜ. 2005ರ ಯಂತ್ರಕ್ಕೆ ಕೋಣೆಯ ತುಂಬ ಸಾಮಾನು ಬಿಡಿಸುವ ತ್ರಾಣವಿರಲಿಲ್ಲ. ಕಣ್ಣಿಗೆ ಬಿದ್ದದ್ದು ಹೆಚ್ಚುಕಡಿಮೆ ಕೆಲಸಕ್ಕೆ ಬರುವಂಥದ್ದೇ. ಈಗ ಅದೇ ಕೋಣೆಯಲ್ಲಿ ಹರಿದ ಚೀಲ, ಮುರಿದ ಕುರ್ಚಿ, ಜೇಡರ ಬಲೆ, ಮೂಲೆಗೊಂದು ಪೆಟ್ಟಿಗೆ. ಯಾವುದು ಆಟ, ಯಾವುದು ಅಲಂಕಾರ ಎಂದು ತಿಳಿಯುವುದಿಲ್ಲ. ಚಿತ್ರ ನಿಜಕ್ಕೆ ಹತ್ತಿರವಾದಷ್ಟೂ ಪಕ್ಕದಲ್ಲಿ ಬೆರಳು ತೋರಿಸುವವನೊಬ್ಬ ಬೇಕಾಗುತ್ತಾನೆ.

ಇದು ನನ್ನ ಪಟ್ಟಿಯಲ್ಲಿಲ್ಲ. ಹಳದಿ ಬಣ್ಣಕ್ಕಾಗಿ ಬಿಟ್ಟದ್ದಲ್ಲ. ಹದಿನೆಂಟು ವರ್ಷದ ಹಿಂದೆಯೇ ಅಂಕ ಪಡೆದು ಪಾಸಾದವನನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ಹೊಸಬರಿಗೆ ಮಾಡುವ ಮೋಸ.

*

ಮೂರನೆಯ ಸ್ಥಾನ ‘ಕೊಕೂನ್’ಗೆ. ಕೋಪನ್‌ಹೇಗನ್‌ನ ಜಿಯೊಮೆಟ್ರಿಕ್ ಇಂಟರ್‌ಆ್ಯಕ್ಟಿವ್ ಮಾಡಿದ್ದು. ಹಿಂದೆ ‘ಲಿಂಬೊ’, ‘ಇನ್‌ಸೈಡ್’ ಆಟಗಳ ಒಗಟು ಹೆಣೆದ ಯೆಪ್ಪೆ ಕಾರ್ಲ್‌ಸೆನ್ ಇದರ ಮುಖ್ಯ ವಿನ್ಯಾಸಕ. ರೆಕ್ಕೆಯ ಹುಳುವಿನಂಥ ಜೀವಿಯೊಂದು ಬೆನ್ನ ಮೇಲೆ ಗೋಲ ಹೊತ್ತು ನಡೆಯುತ್ತದೆ. ಗೋಲದೊಳಗೆ ಒಂದು ಲೋಕ. ಅದರೊಳಕ್ಕೆ ಧುಮುಕಬಹುದು, ಅಲ್ಲಿಗೆ ಇನ್ನೊಂದು ಗೋಲವನ್ನು ಹೊತ್ತೊಯ್ದು ಇಟ್ಟು ಬರಬಹುದು, ಲೋಕ ತುಂಬಿದ ಆ ಲೋಕವನ್ನು ಬೆನ್ನಿಗೇರಿಸಿ ಮೂರನೆಯದಕ್ಕೆ ಹೊರಡಬಹುದು. ಇಡೀ ಆಟಕ್ಕೆ ನಡೆಯಲೊಂದು ಕಡ್ಡಿ, ಒತ್ತಲೊಂದು ಬಟನ್. ಆಟದೊಳಗೆ ಒಂದಕ್ಷರದ ಸೂಚನೆ ಇಲ್ಲ.

*

ನಂಬುವುದೆಂದರೆ ನಡುನೀರಿನಲ್ಲಿ ಕೈಬಿಡುವುದಲ್ಲ. ಒಗಟಿಗೆ ಬೇಕಾದದ್ದೆಲ್ಲ ಕೈಸೇರಿದ ಕೂಡಲೇ ಕೊಕೂನ್ ಹಿಂದಿನ ದಾರಿಯನ್ನು ಸದ್ದಿಲ್ಲದೆ ಮುಚ್ಚುತ್ತದೆ. ಬಿಟ್ಟುಬಂದದ್ದು ಏನಾದರೂ ಇದೆಯೇ ಎಂದು ಮೂಲೆ ಮೂಲೆ ತಡಕುವ ಕಷ್ಟ ತಪ್ಪಿತು. ಉತ್ತರ ಇಲ್ಲೇ ಇದೆ, ಈ ನಾಲ್ಕು ಹೆಜ್ಜೆಯೊಳಗೆ. ಬಿಡಿಸಿದವನಿಗೆ ತಾನೇ ಜಾಣ ಅನ್ನಿಸುತ್ತದೆ. ನಿಜಕ್ಕೂ ಜಾಣ ಬಾಗಿಲು ಹಾಕಿದವನು.

*

ಒಂದು ಸಾವಿರಕ್ಕೂ ಹೆಚ್ಚು ಗ್ರಹಗಳಿವೆ ಎಂದು ‘ಸ್ಟಾರ್‌ಫೀಲ್ಡ್’ ಮೊದಲೇ ಡಂಗುರ ಸಾರಿತ್ತು. ಸುಳ್ಳಲ್ಲ, ಇದ್ದವು. ಒಂದರಲ್ಲಿ ಕಂಡ ಪಾಳು ಪ್ರಯೋಗಾಲಯ ಅದೇ ಗೋಡೆ, ಅದೇ ಮೇಜಿನೊಡನೆ ಇನ್ನೊಂದರಲ್ಲೂ ಸಿಕ್ಕಿತು. ಜಾಗ ಕೊಡುವುದು ಸುಲಭ. ಅಲ್ಲಿಗೆ ಹೋಗಲು ಕಾರಣ ಕೊಡುವುದು ಕಷ್ಟ.

*

ಆ ವರ್ಷದ ಸ್ಟೀಮ್ ಪ್ರಶಸ್ತಿಗಳಲ್ಲಿ ಆಟದ ಬಗೆಯಲ್ಲೇ ಹೊಸತನ ತಂದದ್ದು ಎಂಬ ಗೌರವ ಅದೇ ಸ್ಟಾರ್‌ಫೀಲ್ಡ್‌ಗೆ ಹೋಯಿತು. ಓಟು ಹಾಕಿದವರು ಆಟಗಾರರೇ. ಬಹಳ ಮಂದಿ ಇದನ್ನು ಕುಚೋದ್ಯವೆಂದೇ ಓದಿದರು. ಇತ್ತ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ತೀರ್ಪುಗಾರ ಪತ್ರಿಕೆಗಳ ಮಾತಿಗೆ ನೂರಕ್ಕೆ 90 ತೂಕ, ಜನರ ಓಟಿಗೆ 10. ಜನ ತಮಾಷೆ ಮಾಡುತ್ತಾರೆ ಎಂದು ಹತ್ತಕ್ಕೆ ಇಳಿಸಿದರೋ, ಹತ್ತಕ್ಕೆ ಇಳಿಸಿದ್ದರಿಂದ ಜನ ತಮಾಷೆ ಕಲಿತರೋ, ಬಲ್ಲವರೇ ಹೇಳಬೇಕು.

*

ಬಹುಮಾನಿತ ಆಟವನ್ನು ಬೇಕೆಂದೇ ಕೆಳಗಿಳಿಸುವುದೂ ಒಂದು ಬಗೆಯ ಅನುಕರಣೆ.

*

ಆ ವರ್ಷ ಬಹುಮಾನಗಳನ್ನೆಲ್ಲ ಬಾಚಿಕೊಂಡದ್ದು ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಂನ ಗೆಂಟ್ ನಗರದ ಲೇರಿಯನ್ ಸಂಸ್ಥೆಯದು. 1996ರಲ್ಲಿ ಸ್ವೆನ್ ವಿಂಕೆ ಕಟ್ಟಿದ ಮನೆ. ಆಗಸ್ಟ್ 31ಕ್ಕೆಂದು ಗೊತ್ತುಮಾಡಿದ್ದ ಬಿಡುಗಡೆಯನ್ನು ಆಗಸ್ಟ್ 3ಕ್ಕೆ ಹಿಂದೆಳೆದುಕೊಂಡರು. ಸೆಪ್ಟೆಂಬರಿನಲ್ಲಿ ಸ್ಟಾರ್‌ಫೀಲ್ಡ್ ಬರಲಿತ್ತು, ಅದರ ನೆರಳಿನಲ್ಲಿ ನಿಲ್ಲುವುದು ಬೇಡ ಎಂಬ ಲೆಕ್ಕ. ನೆರಳಿನಲ್ಲಿ ನಿಂತವರು ಯಾರು ಎಂಬುದು ಡಿಸೆಂಬರಿಗೆ ಗೊತ್ತಾಯಿತು.

ನನ್ನ ಪಟ್ಟಿಯಲ್ಲಿ ಅದು ಎರಡನೆಯದು.

*

ಬಾಲ್ಡರ್ಸ್ ಗೇಟ್‌ನಲ್ಲಿ ಏನಾದರೂ ಎಡವಟ್ಟಿನ ಕೆಲಸಕ್ಕೆ ಕೈಹಾಕಿದರೆ ಪರದೆಯ ನಡುವೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡಲು ಹದಿನೈದು ಬೀಳಬೇಕು ಅನ್ನಿ. ಬಿದ್ದದ್ದು ನಾಲ್ಕು. ಎಷ್ಟೋ ಆಟಗಳಲ್ಲಿ ಅಲ್ಲಿಗೆ ಬಾಗಿಲು ಮುಚ್ಚಿತು. ಇಲ್ಲಿ ಸೋಲಿಗೂ ಒಂದು ಕಥೆ ಬರೆದಿಟ್ಟಿದ್ದಾರೆ. ಜಗಳವಾಗುತ್ತದೆ, ಸೆರೆಮನೆಗೆ ನೂಕುತ್ತಾರೆ, ಸೆರೆಮನೆಯಿಂದ ಪರಾರಿಯಾಗಲು ನಾಲ್ಕು ದಾರಿ ಇರುತ್ತವೆ. ಮುಖ್ಯ ಎನ್ನಿಸಿಕೊಂಡ ಪಾತ್ರ ಸತ್ತರೂ ಕಥೆ ನಿಲ್ಲುವುದಿಲ್ಲ. ಮೈ ಕೊಡವಿಕೊಂಡು ಬೇರೆ ಕಡೆಯಿಂದ ಹೊರಡುತ್ತದೆ.

ಪಕ್ಕದಲ್ಲಿ ಕೂತಿದ್ದ ತಂಗಿಯ ಮಗ ಹೇಳಿದ: “ಮಾಮ, ಎಫ್ 8 ಒತ್ತಿ, ಮತ್ತೆ ಹಾಕೋಣ.”

ಎಫ್ 5 ಒತ್ತಿದರೆ ಆಟ ಉಳಿಯುತ್ತದೆ. ಎಫ್ 8 ಒತ್ತಿದರೆ ಉಳಿಸಿದ ಗಳಿಗೆಗೆ ಮರಳುತ್ತದೆ. ಬೇಕಾದ ಸಂಖ್ಯೆ ಬೀಳುವ ತನಕ ದಾಳ ಹಾಕುತ್ತಲೇ ಇರಬಹುದು.

“ಬೇಡ ಕಣೋ, ಬಿದ್ದಿದ್ದು ಬಿತ್ತು.”

“ಹಂಗಾದ್ರೆ ಆ ಕೀ ಯಾಕೆ ಇಟ್ಟಿದ್ದಾರೆ?”

ಒತ್ತದೆ ಇರುವುದಕ್ಕೆ. ಆ ಕೀ ಇಲ್ಲದಿದ್ದರೆ ಸೋಲನ್ನು ಒಪ್ಪಿಕೊಂಡದ್ದರಲ್ಲಿ ನನ್ನ ಹೆಚ್ಚುಗಾರಿಕೆ ಏನಿರುತ್ತಿತ್ತು? ನವೆಂಬರ್ ಕೊನೆಗೆ ಇದಕ್ಕೆ ‘ಆನರ್ ಮೋಡ್’ ಸೇರಿಸಿದರು: ಒಂದೇ ಸೇವ್, ಹಿಂದಿರುಗುವ ಹಾಗಿಲ್ಲ. ಅದನ್ನು ಆಡಿದವರು ಕೊಂಡಾಡಿದರು. ನನಗೆ ರುಚಿಸಲಿಲ್ಲ. ಕೈಕಟ್ಟಿ ಕೂರಿಸಿದ ಮೇಲೆ ಬಂದ ಸಂಯಮವನ್ನು ನನ್ನ ಖಾತೆಗೆ ಹಾಕಿಕೊಳ್ಳಲು ನಾಚಿಕೆ.

*

ಅಂತ್ಯಗಳ ಬಗೆಗಳೇ 17 ಸಾವಿರ ಇವೆ ಎಂದು ಲೇರಿಯನ್‌ನವರು ಬಿಡುಗಡೆಗೆ ಮುಂಚೆ ಹೇಳಿದ್ದರು. ನಾನು ಕಂಡದ್ದು ಒಂದು. ಉಳಿದವು ಇವೆ ಎಂಬ ತಿಳಿವಳಿಕೆಯೇ ಆ ಒಂದಕ್ಕೆ ತೂಕ ಕೊಟ್ಟಿತು. ಎಲ್ಲವನ್ನೂ ನೋಡಲು ಹೊರಟವನಿಗೆ ಯಾವುದೂ ತನ್ನದಾಗುವುದಿಲ್ಲ.

*

ಹಾಗಿದ್ದೂ ಎರಡನೆಯ ಸ್ಥಾನ ಏಕೆ? 2020ರ ಅಕ್ಟೋಬರಿನಲ್ಲೇ ಆಟದ ಮೊದಲ ಅಂಕವನ್ನಷ್ಟೇ ಮಾರಾಟಕ್ಕಿಟ್ಟರು. ಜನ ಸುಮಾರು ಮೂರು ವರ್ಷ ಅದನ್ನು ಆಡಿದರು, ಬೈದರು, ತಿದ್ದಿಸಿದರು. ಆ ಅಂಕದಲ್ಲಿ ಎಲ್ಲಿ ಕಾಲಿಟ್ಟರೂ ನೆಲ ಗಟ್ಟಿ. ಮೂರನೆಯ ಅಂಕಕ್ಕೆ ಅಂಥ ತಾಲೀಮು ಇರಲಿಲ್ಲ. ಊರು ದೊಡ್ಡದಾಯಿತು, ಕಂಪ್ಯೂಟರ್ ಫ್ಯಾನು ಕೂಗಿಕೊಂಡಿತು, ಕೆಲವು ಕಥೆಗಳು ನಡುದಾರಿಯಲ್ಲಿ ಬಾಯಿ ಮುಚ್ಚಿದವು. ಆಮೇಲೆ ತಿದ್ದುಪಡಿಗಳು ಬಂದವು, ನಿಜ. ಆದರೆ ನಾಟಕ ಮುಗಿಸಿ ಮನೆಗೆ ಬಂದವನಿಗೆ ಮೂರನೆಯ ಅಂಕ ಈಗ ಸರಿಯಾಗಿದೆ, ಮತ್ತೆ ಬನ್ನಿ ಎಂದರೆ ಎಷ್ಟು ಜನ ಹೋಗುತ್ತಾರೆ?

*

ಪಟ್ಟಿ ಮಾಡುವವನ ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ಪಟ್ಟಿಯ ಕೆಳಗೆ ಬರೆಯುವ ಪದ್ಧತಿ ಬರಬೇಕು. ಬಾಲ್ಡರ್ಸ್ ಗೇಟ್ ಒಂದಕ್ಕೇ 150 ಜಿಬಿ ಜಾಗ ಖಾಲಿ ಇರಬೇಕು. ಬೆಲೆ ನಮ್ಮಲ್ಲಿ 2,999 ರೂಪಾಯಿ. ಇಷ್ಟು ಕೊಟ್ಟು, ಇಷ್ಟು ಜಾಗ ಬಿಟ್ಟುಕೊಟ್ಟು, ರಾತ್ರಿಯಿಡೀ ಡೌನ್‌ಲೋಡ್ ಆಗಲು ಕಾದವನು ಆಟ ಚೆನ್ನಾಗಿಲ್ಲ ಎಂದು ಸುಲಭಕ್ಕೆ ಹೇಳುವುದಿಲ್ಲ. ಪುಕ್ಕಟೆ ಪ್ರತಿ ಸಿಕ್ಕ ವಿಮರ್ಶಕನೂ ಸುಲಭಕ್ಕೆ ಹೇಳುವುದಿಲ್ಲ, ಕಾರಣ ಬೇರೆ.

*

ಆಡಿದ ಗಂಟೆಗೆ ಎಷ್ಟು ರೂಪಾಯಿ ಬಿತ್ತು ಎಂದು ಭಾಗಿಸಿ ನೋಡುವವರಿದ್ದಾರೆ. ಅವರ ಲೆಕ್ಕದಲ್ಲಿ ಬೇಸರವೂ ಲಾಭದ ಬಾಬ್ತೇ.

*

ನಾಲ್ಕನೆಯದು ‘ವೆಣ್ಬಾ’. ಟೊರಾಂಟೊದ ವಿಸೈ ಗೇಮ್ಸ್ ಮಾಡಿದ ಪುಟ್ಟ ಆಟ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿದ ಮಗ ಕವಿನ್. ತಾಯಿಯಿಂದ ಬಂದ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು, ಮಸಿ ಅಳಿಸಿ ಹೋಗಿದೆ. ಬಿಟ್ಟುಹೋದ ಹಂತ ಯಾವುದು ಎಂದು ಊಹಿಸಿ ಅಡುಗೆ ಮಾಡುವುದೇ ಆಟ. ಮೊದಲ ಅಧ್ಯಾಯದಲ್ಲಿ ಇಡ್ಲಿ.

ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಎಂಬುದು ಅಲ್ಲಿ ಒಗಟು! ಹೊರದೇಶದ ಆಟಗಾರ ತಲೆ ಕೆರೆದುಕೊಳ್ಳುವ ಹೊತ್ತಿಗೆ ನಮ್ಮ ಕಡೆಯವರ ಇಡ್ಲಿ ಬೆಂದಿರುತ್ತದೆ. ಒಂದೇ ಆಟ, ಒಬ್ಬರಿಗೆ ಒಗಟು, ಇನ್ನೊಬ್ಬರಿಗೆ ಬೆಳಗಿನ ತಿಂಡಿ. ಶ್ರೇಯಾಂಕ ಕೊಡುವವನ ಅಡುಗೆಮನೆ ಎಲ್ಲಿದೆ ಎಂಬುದೂ ಅಂಕದಲ್ಲಿ ಸೇರಿರುತ್ತದೆ.

ನಾನು ಅದನ್ನು ನಾಲ್ಕಕ್ಕೆ ಏರಿಸಿದ್ದು ಇಡ್ಲಿಗಾಗಿ ಅಲ್ಲ. ಶಾಲೆಗೆ ಹೋದ ಕವಿನ್ ಅಲ್ಲಿ ‘ಕೆವ್’ ಆಗುತ್ತಾನೆ. ಮನೆಯ ಡಬ್ಬಿ ಅವನಿಗೆ ಬೇಡವಾಗುತ್ತದೆ. ತಾಯಿಯ ಮಾತುಗಳನ್ನು ಆರಿಸುವ ಅವಕಾಶ ನಮಗಿದೆ. ಯಾವುದನ್ನು ಆರಿಸಿದರೂ ಮಗ ದೂರ ಸರಿಯುತ್ತಾನೆ. ಅಡುಗೆಯ ಒಗಟಿಗೆ ಉತ್ತರವಿದೆ, ಮಗನ ಒಗಟಿಗೆ ಇಲ್ಲ. ಎರಡನ್ನೂ ಒಂದೇ ಒಲೆಯ ಮುಂದೆ ಇಟ್ಟು, ವ್ಯತ್ಯಾಸ ನೀವೇ ಕಂಡುಕೊಳ್ಳಿ ಎಂದು ಸುಮ್ಮನಾದದ್ದು ದೊಡ್ಡತನ. ಕೊನೆಗೆ ಬೆಳೆದ ಮಗ ಆ ಪುಸ್ತಕ ಹಿಡಿದು ತಾನೇ ಒಲೆಯ ಮುಂದೆ ನಿಲ್ಲುತ್ತಾನೆ. ಅಲ್ಲಿ ಮಾತ್ರ ಕಣ್ಣೀರು ಬರಿಸುವ ಆತುರ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು. ಬಂತು, ಅದು ಬೇರೆ ಮಾತು.

*

ಕೊಂಡ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿ, 14 ದಿನದೊಳಗೆ ಬೇಡವೆಂದರೆ ಸ್ಟೀಮ್ ಹಣ ವಾಪಸು ಕೊಡುತ್ತದೆ. ವೆಣ್ಬಾ ಅಷ್ಟರಲ್ಲಿ ಮುಗಿದೇ ಹೋಗಬಹುದು. ಕಥೆಯನ್ನು ಪೂರ್ತಿ ಉಂಡು ದುಡ್ಡು ಕೇಳುವವರನ್ನು ತಡೆಯಲು ಇನ್ನೊಂದು ಗಂಟೆ ಎಳೆಯಬಹುದಿತ್ತು, ಎಳೆಯಲಿಲ್ಲ. ನಾನು ಹುಡುಕುತ್ತಿದ್ದ ನಂಬಿಕೆ ಇದೂ ಹೌದು. 2024ರಲ್ಲಿ ಇದಕ್ಕೆ ಚೊಚ್ಚಲ ಆಟಕ್ಕೆಂದು ಮೀಸಲಾದ ಬಾಫ್ಟಾ ಪ್ರಶಸ್ತಿ ಬಂತು.

*

‘ಜೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಎಲ್ಲಿ ಎಂದು ಕೇಳುವವರಿಗೆ: ಅದು ನಿಂಟೆಂಡೊ ಸ್ವಿಚ್‌ನಲ್ಲಿ. ಇದು ಕಂಪ್ಯೂಟರ್ ಆಟಗಳ ಪಟ್ಟಿ. ನಿಯಮ ಇರುವುದು ಇಂಥ ಧರ್ಮಸಂಕಟದಿಂದ ಪಾರಾಗಲಿಕ್ಕೆ.

*

‘ಸೈಬರ್‌ಪಂಕ್ 2077’ 2020ರ ಡಿಸೆಂಬರಿನಲ್ಲಿ ಬಂದಾಗ ಎಷ್ಟು ಮುರಿದಿತ್ತೆಂದರೆ ಸೋನಿ ತನ್ನ ಅಂಗಡಿಯಿಂದ ಅದನ್ನು ವಾರ ಕಳೆಯುತ್ತಲೇ ಕೆಳಗಿಳಿಸಿತು. 2023ರ ಸೆಪ್ಟೆಂಬರಿನಲ್ಲಿ ‘ಫ್ಯಾಂಟಮ್ ಲಿಬರ್ಟಿ’ ಎಂಬ ಹೊಸ ಕಥೆಯೂ ಅದರ ಜೊತೆಗೆ ಆಟದ ಒಳಗನ್ನೇ ಬಿಚ್ಚಿ ಕಟ್ಟಿದ ತಿದ್ದುಪಡಿಯೂ ಬಂದವು. ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಆದರೆ ಕೊಟ್ಟ ಮಾತನ್ನು ಮೂರು ವರ್ಷ ತಡವಾಗಿ ಉಳಿಸಿಕೊಂಡವರಿಗೆ ಚಪ್ಪಾಳೆ ತಟ್ಟಬಹುದು, ಪೀಠ ಕೊಡಬೇಕಾಗಿಲ್ಲ.

*

‘ದಿ ಡೇ ಬಿಫೋರ್’ ಡಿಸೆಂಬರ್ 7ಕ್ಕೆ ಬಿಡುಗಡೆಯಾಯಿತು. ಡಿಸೆಂಬರ್ 11ಕ್ಕೆ ಅದನ್ನು ಮಾಡಿದ ಫೆಂಟಾಸ್ಟಿಕ್ ಬಾಗಿಲು ಹಾಕುವುದಾಗಿ ಘೋಷಿಸಿತು. ಅದಕ್ಕಿಂತ ಮುಂಚೆ ಬಹುಕಾಲ ಅದು ಸ್ಟೀಮ್‌ನಲ್ಲಿ ಜನ ಕಾದು ಕೂತ ಆಟಗಳ ಸಾಲಿನಲ್ಲಿ ಮುಂದಿತ್ತು. ಬಾರದ ಆಟದಷ್ಟು ಚೆನ್ನಾದ ಆಟ ಯಾವುದೂ ಇಲ್ಲ.

*

ಐದನೆಯದು ‘ಡ್ರೆಜ್’. ನ್ಯೂಜಿಲೆಂಡಿನ ನಾಲ್ಕು ಜನರ ತಂಡ ಮಾಡಿದ್ದು. ದೋಣಿ ಹತ್ತಿ ಮೀನು ಹಿಡಿದು ಮಾರುವುದು, ಸಾಲ ತೀರಿಸುವುದು. ದೋಣಿ ನಡೆಸಿದರೆ, ಗಾಳ ಹಾಕಿದರೆ ಮಾತ್ರ ಹೊತ್ತು ಸರಿಯುತ್ತದೆ. ನಿಂತರೆ ಗಡಿಯಾರವೂ ನಿಲ್ಲುತ್ತದೆ. ಕತ್ತಲಾದರೆ ನೀರಿನಲ್ಲಿ ಹೆಸರಿಲ್ಲದ್ದು ಏನೋ ಓಡಾಡುತ್ತದೆ, ನಿದ್ದೆಗೆಟ್ಟ ಅಂಬಿಗನ ಕಣ್ಣಿಗೆ ಇಲ್ಲದ ಬಂಡೆ ಕಾಣುತ್ತದೆ. ಕೆಲವು ಮೀನು ರಾತ್ರಿಯೇ ಸಿಗುವುದು. ಹೋಗು ಎಂದು ಯಾರೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಭೂತ ಇರುವುದು ಸಮುದ್ರದಲ್ಲೋ ಆಸೆಯಲ್ಲೋ ಎಂಬ ಪ್ರಶ್ನೆಯನ್ನು ದಡ ಸೇರಿದ ಮೇಲೆ ಕೇಳಿಕೊಳ್ಳಬಹುದು.

*

ಭಯದ ಆಟದಲ್ಲಿ ಭೂತವನ್ನು ಪೂರ್ತಿ ತೋರಿಸಿದ ಕ್ಷಣ ಅದು ಲೆಕ್ಕದ ಆಟವಾಗುತ್ತದೆ: ಎಷ್ಟು ಗುಂಡು, ಎಷ್ಟು ಏಟು.

*

ಈಗ ಮೊದಲನೆಯದು. ‘ಚಾಂಟ್ಸ್ ಆಫ್ ಸೆನ್ನಾರ್’. ಫ್ರಾನ್ಸಿನ ಟೂಲೂಸ್ ನಗರದ ರನ್‌ಡಿಸ್ಕ್ ಎಂಬ ಪುಟ್ಟ ಸಂಸ್ಥೆಯದು; ಸೆಪ್ಟೆಂಬರ್ 5ಕ್ಕೆ ಬಂತು, ಮರುದಿನ ಬಂದ ಸ್ಟಾರ್‌ಫೀಲ್ಡ್‌ನ ಗದ್ದಲದಲ್ಲಿ ಬಹಳ ಜನರ ಕಿವಿಗೆ ಬೀಳಲಿಲ್ಲ. ಬೇಬೆಲ್ ಗೋಪುರದ ಕಥೆಯ ಮೇಲೆ ಕಟ್ಟಿದ ಆಟ. ಗೋಪುರದ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಜನಾಂಗ, ಒಂದೊಂದು ಭಾಷೆ, ಒಂದೊಂದು ಲಿಪಿ. ಮುಸುಕು ಹೊದ್ದ ನೀವು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಯಾರ ಮಾತೂ ತಿಳಿಯುವುದಿಲ್ಲ.

ತಿಳಿದುಕೊಳ್ಳುವುದು ಹೇಗೆ? ಕೂಸು ಕಲಿಯುವ ದಾರಿಯಲ್ಲೇ. ಒಬ್ಬ ಬಾಗಿಲ ಕಡೆ ಕೈ ತೋರಿಸಿ ಏನೋ ಅನ್ನುತ್ತಾನೆ. ಗೋಡೆಯ ಚಿತ್ರದ ಕೆಳಗೆ ಎರಡು ಚಿಹ್ನೆಗಳಿವೆ. ಸಮಾಧಿಯ ಮೇಲಿದ್ದ ಚಿಹ್ನೆ ಬೇರೊಂದು ಕಡೆ ಹೂವಿನ ಪಕ್ಕ ಕಾಣುತ್ತದೆ. ಊಹೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ. ತಪ್ಪು ಊಹೆಯನ್ನು ಆಟ ಕೂಡಲೇ ತಿದ್ದುವುದಿಲ್ಲ. ಒಂದು ಪುಟದ ಚಿತ್ರಗಳಿಗೆ ಸರಿಯಾದ ಚಿಹ್ನೆಗಳೆಲ್ಲ ಕೂಡಿ ಬಂದಾಗ ಮಾತ್ರ ಹೌದು ಅನ್ನುತ್ತದೆ. ಅಲ್ಲಿಯವರೆಗೆ ತಪ್ಪು ಅರ್ಥ ಇಟ್ಟುಕೊಂಡೇ ಊರೆಲ್ಲ ತಿರುಗಬಹುದು, ಜನರ ಮಾತನ್ನು ಆ ತಪ್ಪಿನಲ್ಲೇ ಕೇಳಬಹುದು. ಯಾವುದೋ ತಿರುವಿನಲ್ಲಿ ಒಂದು ವಾಕ್ಯ ಒಗ್ಗದೆ ಅಡ್ಡ ನಿಲ್ಲುತ್ತದೆ. ಊಹೆಯನ್ನು ಹೊಡೆದುಹಾಕಿ ಬೇರೆ ಬರೆಯುತ್ತೀರಿ. ಹಿಂದೆ ಕೇಳಿದ್ದೆಲ್ಲ ಒಮ್ಮೆಗೇ ಬೇರೆ ಮಾತಾಗುತ್ತದೆ. ಆ ವರ್ಷ ಯಾವ ಯುದ್ಧ ಗೆದ್ದಾಗಲೂ ನನಗೆ ಅಂಥ ಖುಷಿ ಆಗಲಿಲ್ಲ.

*

ಎರಡನೆಯ ಅಂತಸ್ತಿನ ಯೋಧರು ಕೆಳಗಿನ ಅಂತಸ್ತಿನ ಭಕ್ತರನ್ನು ಕರೆಯಲು ಒಂದು ಚಿಹ್ನೆ ಬಳಸುತ್ತಾರೆ. ಅದು ಆ ಜನರ ಹೆಸರು ಎಂದುಕೊಂಡು ಬಹಳ ಹೊತ್ತು ನಡೆದಿರುತ್ತೀರಿ. ಕೊನೆಗೆ ಅರ್ಥ ಬಿಚ್ಚಿಕೊಳ್ಳುತ್ತದೆ: ಅಶುದ್ಧರು. ಮೆಟ್ಟಿಲಲ್ಲಿ ಕಾವಲು ಏಕೆ ನಿಂತಿದೆ ಎಂಬುದೂ ಅದೇ ಕ್ಷಣ ಗೊತ್ತಾಗುತ್ತದೆ. ಕೇರಿಗಳಾಗಿ ಒಡೆದ ಊರುಗಳಲ್ಲಿ ಬೆಳೆದ ನಮಗೆ ಇದರ ಟಿಪ್ಪಣಿ ಬೇಕಾಗಿಲ್ಲ. ಭಾಷಣವಿಲ್ಲದೆ, ನಿಘಂಟಿನ ಒಂದು ಪುಟದಲ್ಲಿ ಇಷ್ಟು ಹೇಳಿದ ಆಟವನ್ನು ನಾನು ಬೇರೆ ಕಂಡಿಲ್ಲ.

*

ಸೆನ್ನಾರ್‌ನಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ ನುಸುಳುವ ಭಾಗಗಳಿವೆ. ಇಲ್ಲದಿದ್ದರೆ ನಷ್ಟವೇನೂ ಇರಲಿಲ್ಲ. ಮೊದಲ ಸ್ಥಾನಕ್ಕೆ ಕುಂದಿಲ್ಲದ ಆಟವೇ ಬೇಕೆಂದರೆ ಆ ಸ್ಥಾನ ಖಾಲಿ ಬಿಡಬೇಕಾಗುತ್ತದೆ.

*

ನನ್ನ ಪಟ್ಟಿಯ ಏಳು ಆಟಗಳಲ್ಲಿ ಒಂದರಲ್ಲೂ ಕನ್ನಡವಿಲ್ಲ. ಬಾಲ್ಡರ್ಸ್ ಗೇಟ್‌ನಲ್ಲಿ ಇಂಗ್ಲಿಷ್ ಸರಾಗವಾಗಿ ಓದಲು ಬಾರದ ಹುಡುಗ ದಾಳ ಬೀಳುವ ಮುಂಚೆಯೇ ಸೋತಿರುತ್ತಾನೆ. ಕೊಕೂನ್‌ನಲ್ಲಿ ಓದಲು ಏನೂ ಇಲ್ಲ, ಹಾಗಾಗಿ ಅಲ್ಲಿ ಎಲ್ಲರೂ ಸಮ. ಸೆನ್ನಾರ್‌ನಲ್ಲಿ ಊಹೆ ಬರೆದುಕೊಳ್ಳುವ ಪುಸ್ತಕ ನಮ್ಮದಲ್ಲದ ಭಾಷೆಯಲ್ಲಿದೆ, ಒಪ್ಪಿದೆ. ಆದರೆ ಗೋಡೆಯ ಚಿಹ್ನೆಗಳ ಮುಂದೆ ಪ್ಯಾರಿಸ್‌ನವನೂ ಪಾಂಡವಪುರದವನೂ ಸಮಾನ ನಿರಕ್ಷರಿಗಳು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಬೇರೆಯವರ ಭಾಷೆಯನ್ನು ಮುಖ ನೋಡಿ ಊಹಿಸಿ ಅಭ್ಯಾಸವಾದ ನಾವು ಒಂದು ಹೆಜ್ಜೆ ಮುಂದಿರುತ್ತೇವೆ ಎಂದೇ ನನ್ನ ಅನುಮಾನ.

*

ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲೇ ಧ್ರುವ ಇಂಟರ್‌ಆ್ಯಕ್ಟಿವ್ ಶುರುಮಾಡಿದರು. ಇಲ್ಲಿಯ ಕಲಾವಿದರು ವರ್ಷಗಟ್ಟಲೆ ಪರದೇಶದ ಆಟಗಳಿಗೆ ಚಿತ್ರದ ಕೆಲಸ ಮಾಡಿಕೊಟ್ಟರು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕೊಂಡಿತು. ಜಗತ್ತಿನ ‘ವರ್ಷದ ಅತ್ಯುತ್ತಮ’ ಪಟ್ಟಿಗಳಲ್ಲಿ ನಮ್ಮೂರಿನ ಕೈ ಹೀಗೆ ಇದ್ದೇ ಇದೆ. ಆಟ ಮುಗಿದ ಮೇಲೆ ಉರುಳುವ ಹೆಸರುಗಳನ್ನು ಎದ್ದು ಹೋಗದೆ ಕೊನೆಯ ತನಕ ನೋಡುವವರಿಗೆ ಗೊತ್ತು. ಚಕ್ರಕ್ಕೆ ಬಣ್ಣ ಕೊಟ್ಟವರು ನಾವು, ಗಾಡಿ ಎಲ್ಲಿಗೆ ಹೋಗಬೇಕೆಂದು ಹೇಳಿದವರು ಬೇರೆ.

*

ಆರನೆಯದು ‘ಹೈ-ಫೈ ರಶ್’. ಟೋಕಿಯೊದ ಟ್ಯಾಂಗೊ ಗೇಮ್‌ವರ್ಕ್ಸ್ ಮಾಡಿದ್ದು. ಜನವರಿ 25ರಂದು ಘೋಷಣೆ, ಅಂದೇ ಬಿಡುಗಡೆ. ಮರ, ಲೈಟು ಕಂಬ, ಶತ್ರುವಿನ ಹೆಜ್ಜೆ, ಎಲ್ಲವೂ ಹಾಡಿನ ತಾಳಕ್ಕೆ ಅಲ್ಲಾಡುತ್ತವೆ. ತಾಳಕ್ಕೆ ಸರಿಯಾಗಿ ಹೊಡೆದರೆ ಹೆಚ್ಚು ಅಂಕ. ತಪ್ಪಿ ಹೊಡೆದರೂ ನಾಯಕನ ಏಟು ಮಾತ್ರ ತಾಳದ ಮೇಲೆಯೇ ಬೀಳುವಂತೆ ಆಟ ಒಳಗೊಳಗೇ ಸರಿಪಡಿಸುತ್ತದೆ. ಲಯಜ್ಞಾನವಿಲ್ಲದ ನನ್ನಂಥವನನ್ನೂ ಕಛೇರಿಯಲ್ಲಿ ಪಕ್ಕವಾದ್ಯಕ್ಕೆ ಕೂರಿಸಿ ಮಾನ ಕಾಪಾಡಿದ ಆಟ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಟ್ಯಾಂಗೊ ಮುಚ್ಚುವುದಾಗಿ ಹೇಳಿತು. ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಅದನ್ನು ಎತ್ತಿಕೊಂಡಿತು. ಎಷ್ಟು ಪಟ್ಟಿಗಳಲ್ಲಿ ಬಂದಿತ್ತು ಎಂಬುದು ಮುಚ್ಚುವವರ ಲೆಕ್ಕಕ್ಕೆ ಬಂದಂತೆ ಕಾಣಲಿಲ್ಲ.

*

2023 ಆಟಗಳಿಗೆ ಸುಗ್ಗಿ, ಮಾಡುವವರಿಗೆ ಬರ. 1993ರಿಂದ ಇದ್ದ ವೊಲಿಷನ್ ಸಂಸ್ಥೆ ಆಗಸ್ಟ್ ಕೊನೆಗೆ ಮುಚ್ಚಿತು. ಸೆಪ್ಟೆಂಬರಿನಲ್ಲಿ ಎಪಿಕ್ ಸುಮಾರು 830 ಜನರನ್ನು ಮನೆಗೆ ಕಳಿಸಿತು; ತನ್ನ ನೌಕರರಲ್ಲಿ ನೂರಕ್ಕೆ 16. ಆಟದ ಹೆಸರು ಪಟ್ಟಿಯಲ್ಲಿ ಮೇಲೇರುವ ಹೊತ್ತಿಗೆ ಅದನ್ನು ಮಾಡಿದವರು ಕೆಲಸ ಹುಡುಕುತ್ತಿರಬಹುದು. ನಾವು ಬರೆಯುವ ‘ಲೇರಿಯನ್‌ನ’, ‘ಟ್ಯಾಂಗೊದ’ ಎಂಬ ಷಷ್ಠಿ ವಿಭಕ್ತಿಗೆ ಗ್ಯಾರಂಟಿ ಇಲ್ಲ.

*

ತಂಗಿಯ ಮಗನ ಪಟ್ಟಿಯಲ್ಲಿ ಇರುವುದು ಒಂದೇ ಆಟ: ಸೆಪ್ಟೆಂಬರಿನಲ್ಲಿ ಹಳೆಯದರ ಜಾಗಕ್ಕೆ ಬಂದು ಕೂತ ‘ಕೌಂಟರ್-ಸ್ಟ್ರೈಕ್ 2’. ಅದರಲ್ಲಿ ಕಥೆ ಎಲ್ಲಿದೆ ಎಂದು ಕೇಳಿದೆ. “ನಿನ್ನೆ ಕೊನೇ ರೌಂಡಲ್ಲಿ ನಾನೊಬ್ಬನೇ ಉಳಿದಿದ್ದೆ, ಆ ಕಡೆ ಮೂರು ಜನ” ಎಂದು ಶುರುಮಾಡಿದವನು ಊಟದ ತಟ್ಟೆ ಬರುವ ತನಕ ನಿಲ್ಲಿಸಲಿಲ್ಲ. ಕೇಳಿಸಿಕೊಂಡ ಮೇಲೆ ಕಥೆಯ ಬಗ್ಗೆ ನನ್ನ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೆ, ಪಟ್ಟಿಯನ್ನು ಬದಲಿಸಲಿಲ್ಲ.

*

ಏಳನೆಯದು ‘ಅಲನ್ ವೇಕ್ 2’. ಫಿನ್‌ಲೆಂಡಿನ ರೆಮಿಡಿಯದು, 2010ರ ಮೊದಲ ಭಾಗದ ಹದಿಮೂರು ವರ್ಷದ ನಂತರ ಬಂದದ್ದು. ಪತ್ತೆದಾರಿಣಿ ಸಾಗಾ ಮನಸ್ಸಿನೊಳಗೆ ಒಂದು ಕೋಣೆ ಕಟ್ಟಿಕೊಂಡಿದ್ದಾಳೆ. ಅದರ ಗೋಡೆಗೆ ಸಾಕ್ಷ್ಯದ ಚೀಟಿಗಳನ್ನು ಅಂಟಿಸಿ ನಾವು ಪ್ರಕರಣ ಬಿಡಿಸಬೇಕು. ಆದರೆ ಚೀಟಿ ಕೂರುವುದು ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ಎಲ್ಲ ನಿಶ್ಚಯವಾಗಿ ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ‘ಹುಡುಗಿ ಏನಂತಾಳೆ’ ಎಂದು ಕೇಳಿದ ಹಾಗೆ. ನನ್ನ ಕೋಲಿನಲ್ಲಿ ಅಳೆದರೆ ಇದು ಪಟ್ಟಿಗೇ ಬರಬಾರದು.

ಬಂದದ್ದು ಒಂದು ಅಧ್ಯಾಯದ ದೆಸೆಯಿಂದ. ಕಗ್ಗತ್ತಲ ಭಯದ ನಡುವೆ ಇದ್ದಕ್ಕಿದ್ದಂತೆ ರಂಗಸಜ್ಜಿಕೆ, ರಾಕ್ ಸಂಗೀತ, ದೊಡ್ಡ ಪರದೆಗಳ ಮೇಲೆ ನಿಜವಾದ ನಟರು. ನಾಯಕ ಅಲನ್‌ನ ಬದುಕನ್ನೆಲ್ಲ ಹಾಡಿನಲ್ಲಿ ಹೇಳುತ್ತಾರೆ. ಆಟದ ಸೃಷ್ಟಿಕರ್ತ ಸ್ಯಾಮ್ ಲೇಕ್ ತಾನೇ ಹೆಜ್ಜೆ ಹಾಕುತ್ತಾನೆ. ಇಷ್ಟು ಹುಚ್ಚಾಟವನ್ನು ಇಷ್ಟು ಖರ್ಚು ಮಾಡಿ, ನಗಬೇಕೋ ಹೆದರಬೇಕೋ ಹೇಳದೆ ನಮ್ಮ ಮುಂದಿಟ್ಟದ್ದು ಬೇರೆಯದೇ ಬಗೆಯ ನಂಬಿಕೆ ಎಂದು ಕೋಲನ್ನು ಸ್ವಲ್ಪ ಬಗ್ಗಿಸಿದೆ. ಬಗ್ಗದ ಕೋಲಿನಿಂದ ಆಟ ಅಳೆಯಲು ಆಗುವುದಿಲ್ಲ.

*

ರಿಯಾಯಿತಿಯಲ್ಲಿ ಕೊಂಡಿಟ್ಟ ‘ಟಾಲೋಸ್ ಪ್ರಿನ್ಸಿಪಲ್ 2’ ಇನ್ನೂ ತೆರೆದಿಲ್ಲ. ‘ಜುಸಾಂಟ್’ನ ಬೆಟ್ಟದ ಬುಡದಲ್ಲೇ ಹಗ್ಗ ಸುತ್ತಿಟ್ಟಿದ್ದೇನೆ. ಎರಡೂ 2023ರವೇ, ಎರಡನ್ನೂ ಬಲ್ಲವರು ಹೊಗಳಿದ್ದಾರೆ. ಮಳೆಗಾಲದಲ್ಲಿ ಬಿಡುವಾದರೆ ಒಂದನ್ನು ಮುಗಿಸುವ ಯೋಚನೆಯಿದೆ. ಹಾಗಾದಲ್ಲಿ ಮೊದಲು ಎದ್ದು ಜಾಗ ಬಿಡಬೇಕಾದವನು ಅಲನ್ ವೇಕ್. ಎಷ್ಟು ಚೆನ್ನಾಗಿ ಕುಣಿದಿದ್ದರೂ.